ಬೈಪಾಸ್ ಆದ ಕಾಲು, ಬೆನ್ನು ಬಿಡದ ಭಯ

ನನಗೆ ಬೈಪಾಸ್ ಆಗಿದ್ದು ಹೃದಯಕ್ಕಲ್ಲ, ಕಾಲಿಗೆ. ತೊಡೆಯ ರಕ್ತನಾಳ ಕಟ್ಟಿಕೊಂಡು, ಸ್ವಲ್ಪ ದೂರ ನಡೆದರೂ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಕೊನೆಕೊನೆಗೆ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ನಿದ್ದೆ. ಅದೇ ಕಾಲಿನ ಒಂದು ನಾಳವನ್ನು ಬಳಸಿ, ತೊಡೆಸಂದಿನಿಂದ ಮಂಡಿಯ ಕೆಳಗಿನವರೆಗೆ ರಕ್ತಕ್ಕೆ ಬೇರೆ ದಾರಿ ಮಾಡಿಕೊಟ್ಟರು.

ಮನೆಗೆ ಬಂದ ಮೂರನೇ ದಿನ ಕಾಲು ಬಾತುಕೊಂಡಿತು. ಸಂಜೆಗೆ ಚಪ್ಪಲಿಯೊಳಗೆ ಪಾದವೇ ತೂರಲಿಲ್ಲ. ಹೊಸ ದಾರಿಯೂ ಮುಚ್ಚಿಹೋಯಿತು ಅಂತಲೇ ಅಂದುಕೊಂಡು ವಾರ್ಡಿಗೆ ಫೋನ್ ಮಾಡಿದೆ. ನರ್ಸ್ ಊತದ ಬಗ್ಗೆ ಕೇಳಲೇ ಇಲ್ಲ. "ಪಾದ ಬೆಚ್ಚಗಿದ್ಯಾ ತಣ್ಣಗಿದ್ಯಾ, ಮುಟ್ಟಿ ನೋಡಿ ಹೇಳಿ ಸರ್" ಎಂದರು. ಬೆಚ್ಚಗಿತ್ತು. ಇನ್ನೊಂದು ಪಾದಕ್ಕಿಂತ ಜಾಸ್ತಿನೇ.

ಮಾರನೇ ದಿನ ಸ್ಕ್ಯಾನ್ ಮಾಡಿದರು. ನಾಳ ತೆರೆದೇ ಇತ್ತು, ಬೇರೆಲ್ಲೂ ರಕ್ತ ಹೆಪ್ಪುಗಟ್ಟಿರಲಿಲ್ಲ. ಬಹಳ ದಿನ ರಕ್ತ ಸಾಲದೆ ಇದ್ದ ಕಾಲಿಗೆ ಒಮ್ಮೆಲೇ ರಕ್ತ ನುಗ್ಗಿದರೆ ಬಾತುಕೊಳ್ಳುತ್ತದಂತೆ, ಇಳಿಯಲು 2-3 ತಿಂಗಳೂ ಆಗಬಹುದಂತೆ. ಇದನ್ನು ಮೊದಲೇ ಹೇಳಬಾರದಿತ್ತಾ! ನಾಳ ಮುಚ್ಚಿದರೆ ಕಥೆಯೇ ಬೇರೆ: ಪಾದ ತಣ್ಣಗಾಗುತ್ತದೆ, ಬಿಳಿಚಿಕೊಳ್ಳುತ್ತದೆ, ವಿಪರೀತ ನೋವು, ಬೆರಳಿಗೆ ಸ್ಪರ್ಶವೇ ಗೊತ್ತಾಗುವುದಿಲ್ಲ. ಆಗ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ನೇರ ತುರ್ತು ವಿಭಾಗಕ್ಕೆ ಹೋಗಬೇಕು.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಬೆಳಗ್ಗೆ ಏಳುವ ಮೊದಲು, ರಾತ್ರಿ ಮಲಗುವಾಗ, ದಿನಕ್ಕೆ ಎರಡೇ ಸಲ. ಅಂಗೈಯ ಹಿಂಭಾಗದಿಂದ ಎರಡೂ ಪಾದ ಮುಟ್ಟುವುದು. ಹೆಬ್ಬೆರಳ ಉಗುರು ಒತ್ತಿ ಬಿಟ್ಟು, ಬಣ್ಣ ಬೇಗ ವಾಪಸ್ ಬರುತ್ತದಾ ನೋಡುವುದು. ಮಂಡಿಚಿಪ್ಪಿನಿಂದ 10 ಸೆಂ.ಮೀ. ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು, ಅಲ್ಲೇ ಟೇಪ್ ಹಿಡಿದು ಸುತ್ತಳತೆ ಬರೆಯುವುದು. ಗೆರೆ ಇಲ್ಲದಿದ್ದರೆ ಟೇಪ್ ಒಂದೊಂದು ದಿನ ಒಂದೊಂದು ಕಡೆ ಕೂರುತ್ತದೆ, ಸುಮ್ನೆ ಗಾಬರಿ. ಎರಡನೇ ವಾರದ ಕೊನೆಗೆ ಒಂದು ಸೆಂ.ಮೀ. ಇಳಿದಿತ್ತು. ಡಾಕ್ಟರ್ ಹೇಳಿದ ಧೈರ್ಯಕ್ಕಿಂತ ಆ ಒಂದು ಸೆಂ.ಮೀ. ನನಗೆ ಹೆಚ್ಚು ನಿದ್ದೆ ಕೊಟ್ಟಿತು.

ಮೊಣಕಾಲಿನ ಒಳಬದಿಯಲ್ಲಿ ಒಂದು ಪಟ್ಟಿ ಜೋಮು ಹಿಡಿದಂತೆ ಇತ್ತು. ಅದೂ ಹೆದರಿಸಿತು. ಬಳಸಿದ ನಾಳದ ಪಕ್ಕದಲ್ಲೇ ಸ್ಪರ್ಶದ ನರವೂ ಸಾಗುತ್ತದೆ, ಅದಕ್ಕೆ ಪೆಟ್ಟಾಗಿರುತ್ತದೆ ಎಂದರು. ನಮ್ಮ ಮಾತಿನಲ್ಲಿ ಎರಡಕ್ಕೂ 'ನರ' ಅಂತಲೇ ಅನ್ನುತ್ತೇವಲ್ಲ, ಅರ್ಥವಾಗಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ಆ ಜೋಮು ಇನ್ನೂ ಪೂರ್ತಿ ಹೋಗಿಲ್ಲ.

ಇಷ್ಟೆಲ್ಲ ಅಳೆಯುತ್ತಿದ್ದವನು ತೊಡೆಸಂದಿನ ಗಾಯವನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ. ನೀರಿನಂಥದ್ದೇನೋ ಜಿನುಗುತ್ತಿತ್ತು. ನೋವಿಲ್ಲ, ವಾಸನೆಯಿಲ್ಲ. ಬೆವರು ಅಂದುಕೊಂಡು ಬಟ್ಟೆ ಮಡಚಿ ಇಟ್ಟುಕೊಂಡೆ, ನಾಲ್ಕು ದಿನ! "ಪಂಚೆ ಮತ್ತೆ ಒದ್ದೆಯಾಗಿದೆ, ನೋಡಿಕೊಂಡ್ರಾ?" ಎಂದು ನನ್ನವಳು ಕೇಳಿದ ಮೇಲೆಯೇ ಫೋನ್ ಮಾಡಿದ್ದು. ಊತಕ್ಕೆ ಸಮಾಧಾನ ಹೇಳಿದ್ದ ಡಾಕ್ಟರೇ ಈಗ ಬೈದರು. ಅದು ದುಗ್ಧರಸ (ಲಿಂಫ್), ಅಂದರೆ ಮೈಯೊಳಗೆ ತನ್ನದೇ ಸಣ್ಣ ನಾಳಗಳಲ್ಲಿ ಹರಿಯುವ ನೀರಿನಂಥ ದ್ರವ, ಅಲ್ಲಿಂದ ಸೋಂಕು ಒಳಗಿಳಿದರೆ ಹೊಸ ನಾಳಕ್ಕೇ ಅಪಾಯ. ದಿನಾ ಡ್ರೆಸ್ಸಿಂಗ್ ಮಾಡಿಸಿಕೊಂಡ ಮೇಲೆ 12 ದಿನಕ್ಕೆ ಒಣಗಿತು. ಆಮೇಲೆ ನೋಟ್‌ಬುಕ್ಕಿನಲ್ಲಿ 'ಗಾಯ' ಅಂತ ಇನ್ನೊಂದು ಕಾಲಂ ಸೇರಿತು.

ಈಗ ಬರೆಯುವುದು ನಿಲ್ಲಿಸಿದ್ದೇನೆ. ಬೆಳಗ್ಗೆ ಹೊದಿಕೆಯೊಳಗೇ ಒಂದು ಪಾದಕ್ಕೆ ಇನ್ನೊಂದನ್ನು ತಾಗಿಸಿ ನೋಡುವ ಚಟ ಮಾತ್ರ ಹೋಗಿಲ್ಲ.