ಜಪಾನಿನ ವಾರದ ಗೇಮ್ ಪಟ್ಟಿಯನ್ನು ಓದುವ ಬಗೆ

ಗುರುವಾರ ಸಂಜೆ ಆಫೀಸಿನ ಲೆಡ್ಜರ್ ಮುಚ್ಚಿದ ಮೇಲೆ ನಾನು ತೆರೆಯುವುದು ಇನ್ನೊಂದು ಎಕ್ಸೆಲ್ ಹಾಳೆ. ಜಪಾನಿನ ಫಾಮಿತ್ಸು ಪತ್ರಿಕೆಯ ವಾರದ ಮಾರಾಟದ ಪಟ್ಟಿ ಅಷ್ಟು ಹೊತ್ತಿಗೆ ಬಂದಿರುತ್ತದೆ. ಲೆಕ್ಕಪತ್ರ ನನ್ನ ಹೊಟ್ಟೆಪಾಡು, ಗೇಮ್ ನನ್ನ ಪ್ರೀತಿ. ಎರಡೂ ಕೂಡುವುದು ಈ ಹಾಳೆಯಲ್ಲೇ. ಅಮೆರಿಕದಲ್ಲಿ ಗೇಮ್ ಮಾರಾಟದ ಲೆಕ್ಕ ಇಡುವ ಸಿರ್ಕಾನಾ ಸಂಸ್ಥೆ ಸಾರ್ವಜನಿಕರಿಗೆ ಕೊಡುವುದು ಯಾವುದು ಮೊದಲು, ಯಾವುದು ಎರಡನೆಯದು ಎಂಬ ಶ್ರೇಯಾಂಕ ಮಾತ್ರ. ಜಪಾನಿನಲ್ಲಿ ಒಂದೊಂದು ಗೇಮ್ ಎಷ್ಟು ಪ್ರತಿ ಹೋಯಿತು ಎಂಬ ಅಂಕಿಯೇ ವಾರವಾರವೂ ಸಿಗುತ್ತದೆ. ಇಂಥ ಅಪರೂಪದ ಮಾಹಿತಿಯನ್ನು ಜನ ‘ಗೆದ್ದಿತು, ಸೋತಿತು’ ಎಂಬ ಎರಡೇ ಮಾತಿಗೆ ಇಳಿಸಿಬಿಡುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಪಟ್ಟಿಯ ಸಾಲು ಸರಳ. ಯಾವ ಯಂತ್ರದ್ದು (ಅಂದರೆ ಗೇಮ್ ಆಡುವ ಕನ್ಸೋಲ್), ಗೇಮಿನ ಹೆಸರು, ಪ್ರಕಾಶಕರು, ಬಿಡುಗಡೆಯ ದಿನ, ಆ ವಾರದ ಮಾರಾಟ, ಈವರೆಗಿನ ಒಟ್ಟು. ಜಪಾನಿ ವರದಿಗಳಲ್ಲಿ ಸಂಖ್ಯೆಗಳು ‘ಮಾನ್’ ಲೆಕ್ಕದಲ್ಲಿರುತ್ತವೆ. ಒಂದು ಮಾನ್ ಅಂದರೆ ಹತ್ತು ಸಾವಿರ, ಹತ್ತು ಮಾನ್ ಸೇರಿದರೆ ನಮ್ಮ ಒಂದು ಲಕ್ಷ. ಮಿಲಿಯನ್‌ಗೆ ಹೋಗಿ ವಾಪಸ್ ಬರುವ ಸುತ್ತುದಾರಿ ನಮಗೆ ಬೇಕಿಲ್ಲ.

ನಾನು ಮೊದಲು ನೋಡುವುದು ಮಾರಾಟದ ಅಂಕಿಯನ್ನಲ್ಲ, ಬಿಡುಗಡೆಯ ದಿನವನ್ನು. ಪಟ್ಟಿಯ ವಾರ ಸೋಮವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ಜಪಾನಿನಲ್ಲಿ ಹೆಚ್ಚಿನ ಗೇಮ್‌ಗಳು ಗುರುವಾರ ಬಿಡುಗಡೆಯಾಗುತ್ತವೆ, ಯಂತ್ರವನ್ನೂ ಗೇಮನ್ನೂ ತಯಾರಿಸುವ ನಿಂಟೆಂಡೊ ಕಂಪನಿಯ ದೊಡ್ಡ ಗೇಮ್‌ಗಳು ಸಾಮಾನ್ಯವಾಗಿ ಶುಕ್ರವಾರ. ಅಂದರೆ ಮೊದಲ ‘ವಾರ’ ಒಂದಕ್ಕೆ ನಾಲ್ಕು ದಿನ, ಇನ್ನೊಂದಕ್ಕೆ ಮೂರೇ ದಿನ. 2017ರ ಜುಲೈ 29ರಂದು ಬಂದ ಡ್ರ್ಯಾಗನ್ ಕ್ವೆಸ್ಟ್ 11 ಶನಿವಾರದ ಬಿಡುಗಡೆ. ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4) ಮತ್ತು 3ಡಿಎಸ್ (ನಿಂಟೆಂಡೊದ ಕೈಯಲ್ಲಿ ಹಿಡಿದಾಡುವ ಯಂತ್ರ) ಎರಡೂ ಸೇರಿ ಇಪ್ಪತ್ತು ಲಕ್ಷ ದಾಟಿದ್ದು ಎರಡೇ ದಿನದಲ್ಲಿ. ಹಾಗೆಂದು ಅಂಕಿಯನ್ನು ದಿನಗಳಿಂದ ಭಾಗಿಸಲು ಹೋಗಬೇಡಿ. ಮುಂಗಡ ಬುಕಿಂಗ್ ಎಲ್ಲವೂ ಮೊದಲ ದಿನವೇ ಬಂದು ಬೀಳುವುದರಿಂದ ಸರಾಸರಿಗೆ ಅರ್ಥವಿರುವುದಿಲ್ಲ. ಪಕ್ಕದಲ್ಲಿ ‘3 ದಿನ’ ಎಂದು ಬರೆದಿಟ್ಟುಕೊಂಡರೆ ಸಾಕು. ಪಟ್ಟಿಯ ತಲೆಯಲ್ಲಿರುವ ತಾರೀಖುಗಳನ್ನೂ ನೋಡಿ. ದೀರ್ಘ ರಜೆಯ ಹೊತ್ತಿನಲ್ಲಿ ಎರಡು ವಾರ ಒಂದೇ ಪಟ್ಟಿಯಲ್ಲಿ ಬರುವುದುಂಟು.

ಎರಡನೆಯ ಪ್ರಶ್ನೆ, ಇದರಲ್ಲಿ ಏನನ್ನು ಎಣಿಸಿದ್ದಾರೆ? ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ. ಈ ಪಟ್ಟಿ ಅಂಗಡಿಯಲ್ಲಿ ಮಾರಾಟವಾಗುವ ಪೆಟ್ಟಿಗೆಯ ಪ್ರತಿಗಳದ್ದು, ಅದೂ ವರದಿ ಕೊಡುವ ಅಂಗಡಿಗಳ ಲೆಕ್ಕದಿಂದ ಇಡೀ ದೇಶಕ್ಕೆ ಮಾಡಿದ ಅಂದಾಜು. ಕೊನೆಯ ಅಂಕಿಯವರೆಗೂ ಕೊಡುತ್ತಾರೆಂದು ಅದನ್ನು ಒಂದೊಂದೇ ಎಣಿಸಿದ ಲೆಕ್ಕ ಅಂದುಕೊಳ್ಳಬಾರದು. ಆನ್‌ಲೈನ್ ಅಂಗಡಿಯಿಂದ ನೇರವಾಗಿ ಡೌನ್‌ಲೋಡ್ ಮಾಡಿಕೊಂಡವರು ಇದರಲ್ಲಿಲ್ಲ. 2022ರ ಸೆಪ್ಟೆಂಬರ್ 9ರಂದು ಸ್ಪ್ಲಾಟೂನ್ 3 ಬಂದಾಗ ಮೂರು ದಿನಕ್ಕೆ ಫಾಮಿತ್ಸು ಕೊಟ್ಟದ್ದು 19,34,680. ಅದೇ ಮೂರು ದಿನಕ್ಕೆ ಜಪಾನಿನೊಳಗಿನ ಮಾರಾಟವೆಂದು ನಿಂಟೆಂಡೊ ಹೇಳಿದ್ದು 34.5 ಲಕ್ಷ, ಡೌನ್‌ಲೋಡ್ ಸೇರಿಸಿ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದ್ದಾರೆಂದು ಆಗ ಎಷ್ಟೋ ಜನ ವಾದಿಸಿದರು. ಯಾರೂ ಸುಳ್ಳು ಹೇಳಿರಲಿಲ್ಲ, ಅಳೆದ ವಸ್ತುವೇ ಬೇರೆಬೇರೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ಯಾಪ್‌ಕಾಮ್ ಕಂಪನಿಯ ಗೇಮ್ ಸರಣಿ ಮಾನ್‌ಸ್ಟರ್ ಹಂಟರ್ ನೋಡಿ. 2018ರಲ್ಲಿ ‘ವರ್ಲ್ಡ್’ ಮೊದಲ ವಾರ ಜಪಾನಿನಲ್ಲಿ ಪಿಎಸ್4ಗೆ ಸುಮಾರು 13.5 ಲಕ್ಷ ಹೋಗಿತ್ತು. 2025ರ ಫೆಬ್ರವರಿಯಲ್ಲಿ ‘ವೈಲ್ಡ್ಸ್’ ಪಿಎಸ್5ಗೆ 6,01,179. ಅರ್ಧಕ್ಕಿಂತ ಕಡಿಮೆ! ಆದರೆ ‘ವರ್ಲ್ಡ್’ ಬಂದ ದಿನ ಪಿಸಿಗೆ ಬಂದಿರಲಿಲ್ಲ, ಪಿಸಿ ಗೇಮ್‌ಗಳ ಡೌನ್‌ಲೋಡ್ ಅಂಗಡಿಯಾದ ಸ್ಟೀಮ್‌ಗೆ ಬಂದದ್ದು ಆ ವರ್ಷದ ಆಗಸ್ಟ್‌ನಲ್ಲಿ. ‘ವೈಲ್ಡ್ಸ್’ ಮೊದಲ ದಿನವೇ ಸ್ಟೀಮ್‌ನಲ್ಲಿತ್ತು, ಮೂರು ದಿನಕ್ಕೆ ಜಗತ್ತಿನಾದ್ಯಂತ 80 ಲಕ್ಷ ದಾಟಿತು ಎಂದು ಕ್ಯಾಪ್‌ಕಾಮ್ ಘೋಷಿಸಿತು. ಸ್ಟೀಮ್‌ನ ಒಂದು ಪ್ರತಿಯೂ ಫಾಮಿತ್ಸು ಪಟ್ಟಿಯಲ್ಲಿ ಕಾಣುವುದಿಲ್ಲ. ಹಾಗಾಗಿ 6 ಲಕ್ಷವೆಂಬುದು ಜಪಾನಿನ ಪಿಎಸ್5 ಪೆಟ್ಟಿಗೆಗಳ ಬಗ್ಗೆ ಒಳ್ಳೆಯ ಮಾಹಿತಿ ಕೊಡುತ್ತದೆ, ಗೇಮಿನ ಒಟ್ಟು ಗತಿಯ ಬಗ್ಗೆ ಬಹಳ ಕಡಿಮೆ. ಕಂಪನಿಯವರು ಹತ್ತು ಲಕ್ಷ ದಾಟಿತು ಎಂದಾಗಲೂ ಅಂಗಡಿಗೆ ಕಳಿಸಿದ್ದೋ, ಗಿರಾಕಿ ಕೊಂಡದ್ದೋ ಎಂದು ಹುಡುಕಿ. ಅಂಗಡಿಗೆ ಕಳಿಸಿದ್ದು ಕಂಪನಿಯ ಪುಸ್ತಕದಲ್ಲಿ ಮಾರಾಟವೇ ಇರಬಹುದು, ಆದರೆ ಅಂಗಡಿಯಲ್ಲಿ ಕೂತಿರುವ ಸರಕನ್ನು ಗಿರಾಕಿ ಇನ್ನೂ ಕೊಂಡಿಲ್ಲ.

ಮೊದಲ ವಾರಕ್ಕಿಂತ ನಾನು ಆಸೆಯಿಂದ ಕಾಯುವುದು ಎರಡನೆಯ, ಮೂರನೆಯ ವಾರಗಳಿಗೆ. ಮೊದಲ ವಾರ ಹೇಳುವುದು ಹಳೆಯ ಅಭಿಮಾನಿಗಳ ಸಂಖ್ಯೆ. ಆಮೇಲಿನದು ಬಾಯಿಂದ ಬಾಯಿಗೆ ಹಬ್ಬಿದ ಮಾತು. ಕಥೆ ಪ್ರಧಾನವಾದ ಗೇಮ್ ಎರಡನೆಯ ವಾರಕ್ಕೆ ಮುಕ್ಕಾಲು ಪಾಲು ಬಿದ್ದರೆ ಗಾಬರಿಯಾಗಬೇಕಿಲ್ಲ. ಜಪಾನಿನಲ್ಲಿ ಸೆಕೆಂಡ್ ಹ್ಯಾಂಡ್ ಗೇಮ್ ವ್ಯಾಪಾರ ಬಲವಾಗಿದೆ, 2002ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದು ಕಾನೂನುಬದ್ಧ ಎಂದೂ ಹೇಳಿದೆ. ಬೇಗ ಆಡಿ ಮುಗಿಸಿದವರು ಪ್ರತಿಯನ್ನು ಗಿಯೊ, ಬುಕ್ ಆಫ್‌ನಂಥ ಅಂಗಡಿಗೆ ಮಾರುತ್ತಾರೆ, ತಡವಾಗಿ ಬಂದವರು ಅದನ್ನೇ ಕೊಳ್ಳುತ್ತಾರೆ. ಆ ಎರಡನೆಯ ಕೈ ಪಟ್ಟಿಯಲ್ಲಿ ಮೂಡುವುದಿಲ್ಲ.

ಇದರ ಎದುರು ದಿಕ್ಕಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಲು ಯೋಕೈ ವಾಚ್‌ನದು. 2013ರ ಜುಲೈನಲ್ಲಿ ಮೊದಲ ವಾರ ಸುಮಾರು ಐವತ್ತು ಸಾವಿರ. ಅಲ್ಲಿಗೇ ತೀರ್ಪು ಬರೆದವರಿಗೆ 2014ರ ಜನವರಿಯಲ್ಲಿ ಅದರ ಟಿವಿ ಅನಿಮೆ (ಜಪಾನಿ ಕಾರ್ಟೂನ್) ಶುರುವಾಗುವುದು ಗೊತ್ತಿರಲಿಲ್ಲ. ಮಕ್ಕಳು ಅಂಗಡಿಗೆ ಮುಗಿಬಿದ್ದರು, ಒಟ್ಟು ಹತ್ತು ಲಕ್ಷ ದಾಟಿತು. 2019ರ ಅಕ್ಟೋಬರ್‌ನ ರಿಂಗ್ ಫಿಟ್ ಅಡ್ವೆಂಚರ್ ಎಂಬ ವ್ಯಾಯಾಮದ ಗೇಮ್ ಕೂಡ ಹಾಗೆಯೇ: ಒಂದು ಲಕ್ಷವನ್ನೂ ಮುಟ್ಟದ ಆರಂಭ, ಕೋವಿಡ್ ಕಾಲದಲ್ಲಿ ಅಂಗಡಿಗಳಲ್ಲಿ ಸಿಗದಂಥ ಬೇಡಿಕೆ, ಕೊನೆಗೆ 30 ಲಕ್ಷಕ್ಕೂ ಮೇಲೆ. ಮೊದಲ ವಾರದ ಅಂಕಿ ಒಟ್ಟು ಮಾರಾಟದ ಎಷ್ಟನೇ ಭಾಗ ಎಂಬುದಕ್ಕೆ ನನ್ನ ಹಾಳೆಯಲ್ಲಿ ಒಂದು ಕಾಲಮ್ ಇದೆ. ಅದು ಚಿಕ್ಕದಾದಷ್ಟೂ ಗೇಮ್ ಹೊಸಬರನ್ನು ತಲುಪಿದೆ ಎಂದು ಓದುತ್ತೇನೆ.

ಹಬ್ಬದ ಕ್ಯಾಲೆಂಡರ್ ಪಕ್ಕದಲ್ಲಿರಲಿ. ಹೊಸವರ್ಷಕ್ಕೆ ಮಕ್ಕಳ ಕೈಗೆ ‘ಒತೊಶಿದಾಮ’ ಎಂಬ ಹಣ ಬರುತ್ತದೆ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಗೋಲ್ಡನ್ ವೀಕ್ ಎಂಬ ಸಾಲು ರಜೆ, ಆಗಸ್ಟ್ ನಡುವೆ ಪೂರ್ವಜರನ್ನು ನೆನೆಯುವ ಓಬೋನ್ ಹಬ್ಬ. ಜನವರಿ ಎರಡನೆಯ ವಾರದ ಇಳಿತವನ್ನು ಹಿಂದಿನ ವಾರಕ್ಕೆ ಹೋಲಿಸಬೇಡಿ, ಹಿಂದಿನ ವರ್ಷದ ಅದೇ ವಾರಕ್ಕೆ ಹೋಲಿಸಿ.

ಯಂತ್ರಗಳ ಪಟ್ಟಿಗೆ ಬೇರೆಯೇ ಕಣ್ಣು ಬೇಕು, ಏಕೆಂದರೆ ಹೊಸ ಯಂತ್ರದ ಅಂಕಿ ಹೇಳುವುದು ಬೇಡಿಕೆಯನ್ನಲ್ಲ, ಸರಬರಾಜನ್ನು. 2020ರ ನವೆಂಬರ್‌ನಲ್ಲಿ ಪಿಎಸ್5 ಮೊದಲ ನಾಲ್ಕು ದಿನಕ್ಕೆ 1,18,085, ಲಾಟರಿಯಲ್ಲಿ ಹೆಸರು ಬಂದರಷ್ಟೇ ಸಿಗುತ್ತಿದ್ದ ಕಾಲ ಅದು. 2025ರ ಜೂನ್ 5ರಂದು ಬಂದ ನಿಂಟೆಂಡೊದ ಯಂತ್ರ ಸ್ವಿಚ್ 2 ಅಷ್ಟೇ ದಿನಕ್ಕೆ 9,47,931. ಆದರೂ ನಿಂಟೆಂಡೊದ ಸ್ವಂತ ಆನ್‌ಲೈನ್ ಅಂಗಡಿಯೊಂದಕ್ಕೇ ಸುಮಾರು 22 ಲಕ್ಷ ಜನ ಲಾಟರಿಗೆ ಅರ್ಜಿ ಹಾಕಿದ್ದರು. ಜಪಾನಿ ಭಾಷೆಯಲ್ಲಿ ಮಾತ್ರ ನಡೆಯುವ ಮಾದರಿಗೆ 49,980 ಯೆನ್, ಎಲ್ಲ ಭಾಷೆಗಳದ್ದಕ್ಕೆ 69,980 ಯೆನ್ ಎಂದು ಬೆಲೆಯಿಟ್ಟಿದ್ದರಿಂದ ಹೊರದೇಶಕ್ಕೆ ಸಾಗಿಸಿ ಮಾರುವವರಿಗೆ ಅಗ್ಗದ ಮಾದರಿಯಲ್ಲಿ ಹೆಚ್ಚು ಲಾಭವಿರಲಿಲ್ಲ. ಅದಕ್ಕಾಗಿ ಆ 9,47,931ರ ಬಹುಪಾಲು ಜಪಾನಿನ ಮನೆಗಳಿಗೇ ಹೋಗಿದೆ ಎಂದು ನಾನು ಧೈರ್ಯವಾಗಿ ಓದುತ್ತೇನೆ. ಹೊಸ ಯಂತ್ರದ ನಿಜವಾದ ಬೇಡಿಕೆ ತಿಳಿಯಬೇಕಾದರೆ ಅಂಗಡಿಯಲ್ಲಿ ಅದು ಲಾಟರಿಯಿಲ್ಲದೆ ಸಿಗಲು ಶುರುವಾದ ವಾರವನ್ನು ಗುರುತು ಹಾಕಿಕೊಳ್ಳಿ, ಅಲ್ಲಿಂದ ಮುಂದಿನ ನಾಲ್ಕು ವಾರಗಳ ಸರಾಸರಿ ತೆಗೆಯಿರಿ.