ನ್ಯುಎಸಸ್ ನದಿಯ ಹಲ್ಲುಳ್ಳ ಟೆಟ್ರಾ: ನನ್ನ ಅನುಭವ

ಟೆಕ್ಸಾಸ್‌ನ ಯುವಾಲ್ಡಿ ಪಟ್ಟಣದ ಪಶ್ಚಿಮಕ್ಕೆ ನ್ಯುಎಸಸ್ ನದಿ ಸುಣ್ಣಕಲ್ಲಿನ ಹಾಸಿನ ಮೇಲೆ ತಿಳಿಯಾಗಿ ಹರಿಯುತ್ತದೆ. ಲೈಸೆನ್ಸ್ ಪಡೆದು, ತೀರಾ ಸಣ್ಣ ಗಾಳಕ್ಕೆ ಬ್ರೆಡ್ಡಿನ ಚೂರು ಸಿಕ್ಕಿಸಿ ಕುಳಿತಿದ್ದ ನನಗೆ ಮೊದಲು ಸಿಕ್ಕಿದ್ದು ಬೆರಳುದ್ದದ ಬೆಳ್ಳಿ ಬಣ್ಣದ ಮೀನು. ಅಲ್ಲಿ ಹೇರಳವಾಗಿರುವ, ಕಾರ್ಪ್ ಕುಲದ ಶೈನರ್ ಎಂಬ ಸಣ್ಣ ಮೀನಿರಬೇಕೆಂದುಕೊಂಡೆ. ಆದರೆ ಬಕೆಟ್ಟಿಗೆ ಬಿಟ್ಟು ನೋಡಿದಾಗ ಬೆನ್ನಿನ ಈಜುರೆಕ್ಕೆಗೂ ಬಾಲಕ್ಕೂ ನಡುವೆ ಅಕ್ಕಿಕಾಳಿಗಿಂತ ಚಿಕ್ಕದಾದ ಇನ್ನೊಂದು ಮಾಂಸಲ ರೆಕ್ಕೆ ಕಾಣಿಸಿತು. ಶೈನರ್‌ಗಳಿಗಾಗಲಿ, ಅವುಗಳ ದೂರದ ಬಂಧುಗಳಾದ ನಮ್ಮ ಕಾಟ್ಲಾ, ರೋಹುಗಳಿಗಾಗಲಿ ಅದಿಲ್ಲ. ಬಾಲದ ಬುಡದಲ್ಲಿ ಹೊರಟ ಕಪ್ಪು ಪಟ್ಟೆ ಬಾಲದ ಕವಲಿನ ನಡುವಿನವರೆಗೂ ಚಾಚಿತ್ತು. ಒದ್ದೆ ಕೈಯಲ್ಲಿ ಹಿಡಿದು ಭೂತಗನ್ನಡಿಯಲ್ಲಿ ಬಾಯಿ ನೋಡಿದ ಮೇಲೆ ಸಂಶಯ ಪೂರ್ತಿ ನೀಗಿತು: ದವಡೆಯಂಚಿನಲ್ಲಿ ಹಲ್ಲುಗಳ ಸಾಲು, ಒಂದೊಂದು ಹಲ್ಲಿಗೂ ಗರಗಸದಂತೆ ಹಲವು ಮೊನೆಗಳು. ಕಾರ್ಪ್ ಕುಲದ ಮೀನುಗಳಿಗೆ ಹಲ್ಲಿರುವುದು ಗಂಟಲಿನಲ್ಲಿ ಮಾತ್ರ. ನನ್ನ ಕೈಯಲ್ಲಿದ್ದದ್ದು ಮೆಕ್ಸಿಕನ್ ಟೆಟ್ರಾ, ಟೆಟ್ರಾ ಎಂಬ ಸಣ್ಣ ಮೀನುಗಳ ಗುಂಪಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಹಜವಾಗಿ ನೆಲೆಸಿರುವ ಏಕೈಕ ಜಾತಿ. ಸಾಕುಮೀನಿನ ಅಂಗಡಿಗಳಲ್ಲಿ ಸಿಗುವ ಕಣ್ಣಿಲ್ಲದ ಗುಹಾಮೀನು ಇದೇ ಜಾತಿಯದು. ಮೆಕ್ಸಿಕೋದ ಗುಹೆಗಳ ಕತ್ತಲೆಯಲ್ಲಿ ಅದು ಕಣ್ಣು ಕಳೆದುಕೊಂಡಿತು.

ಆ ಹಲ್ಲುಗಳನ್ನು ಕಣ್ಣಾರೆ ಕಂಡಿದ್ದರೂ ನಾನು ಎಚ್ಚರ ತಪ್ಪಿದೆ. ಹಿಡಿದು ತಂದ ನಾಲ್ಕನ್ನು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಏಂಜಲ್ ಮೀನಿನ ಜೊತೆಗೆ ಬಿಟ್ಟೆ. ಎರಡೇ ದಿನದಲ್ಲಿ ಏಂಜಲ್‌ನ ಇಳಿಬಿದ್ದ ರೆಕ್ಕೆಗಳ ಅಂಚಿನಲ್ಲಿ ಅರ್ಧಚಂದ್ರಾಕಾರದ ಕಚ್ಚುಗಳು ಮೂಡಿದ್ದವು. ಆ ಮೀನನ್ನು ಕೂಡಲೇ ಬೇರೆಡೆಗೆ ಸಾಗಿಸಿದೆ. ಮತ್ತೆ ನದಿಗೆ ಹೋಗಿ ಟೆಟ್ರಾಗಳ ಸಂಖ್ಯೆಯನ್ನು ಎಂಟಕ್ಕೆ ಏರಿಸಿ, 200 ಲೀಟರಿನ ತೊಟ್ಟಿಯನ್ನು ಅವುಗಳಿಗೇ ಮೀಸಲಿಟ್ಟೆ. ಗುಂಪು ದೊಡ್ಡದಾದಂತೆ ಅಟ್ಟಾಡಿಸುವಿಕೆ ಎಲ್ಲವುಗಳ ನಡುವೆ ಹಂಚಿಹೋಗಿ, ಯಾವ ಒಂದು ಮೀನೂ ಸತತವಾಗಿ ಪೆಟ್ಟು ತಿನ್ನಲಿಲ್ಲ.

ಅಲ್ಲಿನ ನಲ್ಲಿಯ ಗಡಸು ನೀರು, ಕ್ಲೋರಿನ್ ತೆಗೆದ ಮೇಲೆ, ಅವುಗಳಿಗೆ ಹಾಗೆಯೇ ಒಗ್ಗುತ್ತದೆ. ಉಷ್ಣತೆಯನ್ನು 22ರಿಂದ 24 ಡಿಗ್ರಿ ಸೆಲ್ಸಿಯಸ್ ನಡುವೆ ಇಡುತ್ತೇನೆ. ಹೀಟರ್ ಬೇಡವೆನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಚಳಿಗಾಲದಲ್ಲಿ ಈ ಮೀನುಗಳು ಬೆಚ್ಚಗಿನ ಒರತೆಗಳ ಬಳಿ ಸೇರುತ್ತವೆ. ಮೃದುವಾದ ಗಿಡಗಳನ್ನೆಲ್ಲ ತಿಂದು ಮುಗಿಸಿದ್ದರಿಂದ ಈಗ ಗಟ್ಟಿ ಎಲೆಯ ಜಾವಾ ಫರ್ನ್ ಗಿಡ ಮತ್ತು ನುಣುಪು ಕಲ್ಲುಗಳಷ್ಟೇ ಇವೆ. ಜಿಗಿಯುವ ಮೀನಾದ್ದರಿಂದ ಬಿಗಿಯಾದ ಮುಚ್ಚಳ ಬೇಕು. ಒಣ ಆಹಾರದ ಜೊತೆಗೆ ಬೇಯಿಸಿದ ಬಟಾಣಿ ಹಾಕಿದರೆ ನುಂಗುವುದಿಲ್ಲ, ಸುತ್ತಲಿನಿಂದ ಕಚ್ಚಿ ಕಚ್ಚಿ ಸವೆಸುತ್ತವೆ.

ಗಂಡು ಹೆಣ್ಣುಗಳನ್ನು ಬಣ್ಣದಿಂದ ಹೇಳುವುದು ಕಷ್ಟ. ಬೆಳೆದ ಗಂಡಿನ ಗುದರೆಕ್ಕೆಯ ಮೇಲೆ ಸೂಕ್ಷ್ಮ ಕೊಕ್ಕೆಗಳಿರುತ್ತವೆ. ಒದ್ದೆ ಹತ್ತಿಯನ್ನು ಮೆಲ್ಲನೆ ಸವರಿದರೆ ಎಳೆ ಸಿಕ್ಕಿಕೊಳ್ಳುತ್ತದೆ, ಹೆಣ್ಣಾದರೆ ಜಾರಿಹೋಗುತ್ತದೆ. ಹೀಗೆ ಆರಿಸಿದ ಜೋಡಿಯನ್ನು ಬೇರೆ ತೊಟ್ಟಿಗೆ ಹಾಕಿ ನೀರನ್ನು ಎರಡು ಡಿಗ್ರಿ ಬೆಚ್ಚಗಾಗಿಸಿದಾಗ ರಾತ್ರಿಯಲ್ಲಿ ಮೊಟ್ಟೆ ಚೆಲ್ಲಿತು. ಮೊಟ್ಟೆಗಳು ಸಂದಿಗೆ ಜಾರಿ ಉಳಿಯುವಂತೆ ತಳದಲ್ಲಿ ಗೋಲಿಗಳನ್ನು ಹಾಸದಿದ್ದರೆ ಅಷ್ಟನ್ನೂ ತಾಯ್ತಂದೆಯೇ ತಿಂದುಬಿಡುತ್ತಿದ್ದವು. ಒಂದು ದಿನದೊಳಗೆ ಮರಿಗಳು ಹೊರಬಂದವು. ಗಾಳದ ಎರೆಯಾಗಿ ಒಯ್ದವರಿಂದಲೇ ಈ ಮೀನು ಟೆಕ್ಸಾಸ್‌ನ ಬೇರೆ ನದಿಗಳಲ್ಲೂ ಬೇರೂರಿರುವುದರಿಂದ, ಹೆಚ್ಚಾದ ಮರಿಗಳನ್ನು ಯಾವ ನೀರಿಗೂ ಬಿಡದೆ, ಮುಚ್ಚಳವಿರುವ ತೊಟ್ಟಿ ಇಟ್ಟುಕೊಂಡವರಿಗೆ ಮಾತ್ರ ಕೊಡುತ್ತಿದ್ದೇನೆ.