ಲೇಬಲ್ ಕೈಬಿಟ್ಟ ಪಂಕ್ ಬ್ಯಾಂಡು ಹೆಂಚಿನ ಮನೆಯಲ್ಲಿ ಆಲ್ಬಂ ಮಾಡುವ ಬಗೆ

ಗಿಟಾರಿಗೆ ಹೊಸ ತಂತಿ ಹಾಕುವ ಮೊದಲು ಲೇಬಲ್ (ಹಾಡು ಹೊರತರುವ ಕಂಪನಿ) ಜೊತೆಗಿನ ಹಳೇ ಕರಾರುಪತ್ರ ಹುಡುಕಿ ತೆಗೆಯಿರಿ. ಲೇಬಲ್ಲೇ ಖರ್ಚು ಹಾಕಿ ರೆಕಾರ್ಡ್ ಮಾಡಿಸಿದ್ದರೆ ಆ ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗ್, ಸಾಮಾನ್ಯವಾಗಿ ಅವರದೇ. ಸಾಹಿತ್ಯ ಮತ್ತು ರಾಗದ ಹಕ್ಕು ಬೇರೆ. ಅದನ್ನು ಅವಧಿ ನಮೂದಿಸದೆ ಬರೆದುಕೊಟ್ಟಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ 5 ವರ್ಷಕ್ಕೆ ಮಾತ್ರ ಕೊಟ್ಟ ಹಾಗೆ. ಹಳೇ ಹಾಡನ್ನು ಮತ್ತೆ ರೆಕಾರ್ಡ್ ಮಾಡದಂತೆ ತಡೆ ಇದೆಯೇ ಎಂದೂ ನೋಡಿ. ಗೊಂದಲವಿದ್ದರೆ ಹೊಸ ಹಾಡೇ ಇರಲಿ. ಪಂಕ್‌ಗೆ 10 ಹಾಡು, 25 ನಿಮಿಷ ಧಾರಾಳವಾಯಿತು.

ಆರಿದ್ರಾದಿಂದ ಆಶ್ಲೇಷ ಮುಗಿಯುವ ತನಕ ತೀರ್ಥಹಳ್ಳಿ, ಹೊಸನಗರದ ಕಡೆ ಮೈಕ್ ಇಡಲೇಬೇಡಿ. ಹೆಂಚಿನ ಮೇಲೆ ಹೊಯ್ಯುವ ಮಳೆಯ ಸದ್ದು ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಸದ್ದಿನೊಳಗೇ ಸೇರಿಕೊಳ್ಳುತ್ತದೆ, ಆಮೇಲೆ ಬಿಡಿಸಲಾಗದು. ಅಡಿಕೆ ಸುಲಿತ ಮುಗಿದ ಮೇಲೆ, ಫೆಬ್ರವರಿ ಹೊತ್ತಿಗೆ ಶುರುಮಾಡಿ. ಸಂಜೆಯಾದರೆ ಜೀರುಂಡೆ ಕಾಟ, ಹಾಗಾಗಿ ಡ್ರಮ್ಸ್ ಹಗಲಲ್ಲೇ ಮುಗಿಯಲಿ. ಪಕ್ಕದ ತೋಟಕ್ಕೆ ಎಷ್ಟು ಹೊತ್ತಿಗೆ ಮೋಟರು ಹಾಕುತ್ತಾರೆಂದು ಕೇಳಿಟ್ಟುಕೊಳ್ಳಿ, ವೋಲ್ಟೇಜ್ ಬೀಳುವುದು ಆಗಲೇ.

ಗೋಡೆಗೆ ಖಾಲಿ ಗೋಣಿಚೀಲ ನೇತುಹಾಕಿದರೆ ಕೀಚು ಸದ್ದು ಮಾತ್ರ ತಗ್ಗುತ್ತದೆ, ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮಾದ ಕಿಕ್‌ನ ಗುಂಯ್ ಹಾಗೇ ಉಳಿಯುತ್ತದೆ. ಹತ್ತಿ ಹಾಸಿಗೆಗಳನ್ನು ಸುರುಳಿ ಸುತ್ತಿ ನಾಲ್ಕೂ ಮೂಲೆಗೆ ನಿಲ್ಲಿಸಿ.

ಡ್ರಮ್ಸ್‌ಗೆ ನಾಲ್ಕು ಮೈಕ್ ಸಾಕು: ಕಿಕ್‌ಗೊಂದು, ಸ್ನೇರ್‌ಗೊಂದು (ಕೋಲಿನಿಂದ ಬಡಿಯುವ ಚಿಕ್ಕ ಡ್ರಮ್), ತಲೆಮೇಲೆ ಎರಡು. ಒಂದು ದಾರದ ತುದಿಯನ್ನು ಸ್ನೇರ್ ನಡುಮಧ್ಯ ಒತ್ತಿ ಹಿಡಿದು ತಲೆಮೇಲಿನ ಮೊದಲ ಮೈಕ್‌ವರೆಗೆ ಎಳೆದು ಗಂಟು ಹಾಕಿ. ಅದೇ ಗಂಟು ಎರಡನೇ ಮೈಕ್‌ಗೂ ತಾಗಬೇಕು. ಅಂತರ ಹೆಚ್ಚುಕಮ್ಮಿಯಾದರೆ ಒಂದೇ ಪೆಟ್ಟು ಎರಡು ಹೊತ್ತಿಗೆ ತಲುಪಿ, ಸ್ನೇರ್ ತಗಡು ಬಡಿದಂತೆ ಕೇಳಿಸುತ್ತದೆ. 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು, ಅತಿ ಜೋರಿನ ಪೆಟ್ಟೂ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 10 ಡೆಸಿಬಲ್ ಆಸುಪಾಸು ನಿಲ್ಲುವಂತೆ ಮಾಡಿ.

ಗಿಟಾರಿನ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಪರಿಣಾಮ) ವೇದಿಕೆಯಲ್ಲಿ ಇಡುವುದಕ್ಕಿಂತ ಕಾಲುಭಾಗ ಇಳಿಸಿ. ಒಂದೇ ಭಾಗವನ್ನು ಎರಡು ಸಲ ನುಡಿಸಿ ಎಡಕ್ಕೊಂದು, ಬಲಕ್ಕೊಂದು ಹಾಕಿದಾಗ ಅದು ತಾನಾಗೇ ದಪ್ಪವಾಗುತ್ತದೆ. ಇಳಿಸದಿದ್ದರೆ ಪಿಕ್ಕಿನ ಪೆಟ್ಟೇ ಕೇಳದೆ ಬರೀ ಗುರ್ ಎನ್ನುತ್ತದೆ.

ಹಾಡುವವರ ತುಟಿಗೆ ಮೈಕ್‌ನಿಂದ ಶಾಕ್ ಹೊಡೆದರೆ ತಕ್ಷಣ ನಿಲ್ಲಿಸಿ: ಆಂಪ್‌ನ (ಆಂಪ್ಲಿಫೈಯರ್) ಅರ್ತ್ ಕೆಟ್ಟಿದೆ ಎಂದೇ ತಿಳಿಯಿರಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಪರೀಕ್ಷೆ ಮಾಡಿಸಿ, ಎಲ್ಲವನ್ನೂ ಆ ಒಂದೇ ಸಾಕೆಟ್ಟಿನಿಂದ ಎಳೆಯಿರಿ. ಹಮ್ ಹೋಗಲೆಂದು ಅರ್ತ್ ಪಿನ್ ಕತ್ತರಿಸುವವರಿದ್ದಾರೆ, ಅದು ಜೀವದ ಜೊತೆ ಆಟ. ಕರೆಂಟು ಹೋದಾಗ ಇನ್ವರ್ಟರ್ ಬಳಸುವುದಾದರೆ ಸೈನ್ ವೇವ್‌ದೇ ಬೇಕು, ಸ್ಕ್ವೇರ್ ವೇವ್‌ನದು ಆಂಪಿನಲ್ಲಿ ಝೇಂಕರಿಸುತ್ತದೆ.

ಮಾಸ್ಟರಿಂಗ್‌ನಲ್ಲಿ (ಬಿಡುಗಡೆಗೆ ಮುನ್ನ ಹಾಡಿಗೆ ಕೊಡುವ ಕೊನೆಯ ಹದ) ಜೋರು ಮಾಡಲು ಹಿಂಡಬೇಡಿ. ಸ್ಪಾಟಿಫೈ ಹೇಗೂ ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಜೋರಿನ ಅಳತೆ) ತಗ್ಗಿಸುತ್ತದೆ.

ಇನ್ನು ಲೇಬಲ್ ಮಾಡುತ್ತಿದ್ದ ಗುಮಾಸ್ತಗಿರಿ. ಪ್ರತಿ ಹಾಡಿಗೂ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ (ಪ್ರತಿ ರೆಕಾರ್ಡಿಂಗನ್ನು ಗುರುತಿಸುವ ಸಂಖ್ಯೆ) ಬೇಕು. ಮತ್ತೆ ರೆಕಾರ್ಡ್ ಮಾಡಿದ ಹಳೇ ಹಾಡಿಗೆ ಹೊಸ ಸಂಖ್ಯೆಯೇ ಆಗಬೇಕು, ಇಲ್ಲದಿದ್ದರೆ ದುಡ್ಡು ಹಳೇ ಖಾತೆಗೆ ಹೋದೀತು. ಮುಖಚಿತ್ರ 3000×3000 ಪಿಕ್ಸೆಲ್. ಡಿಸ್ಟ್ರಿಬ್ಯೂಟರ್‌ಗೆ (ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವವರು) ಬಿಡುಗಡೆಗೆ ನಾಲ್ಕು ವಾರ ಮೊದಲೇ ಕೊಡಿ. ಸ್ಪಾಟಿಫೈ ಸಂಪಾದಕರಿಗೆ ಹಾಡು ಸೂಚಿಸಲು ಬಿಡುಗಡೆಗೆ ಕನಿಷ್ಠ 7 ದಿನ ಬಾಕಿಯಿರಬೇಕು. ಯಾರಿಗೆ ಎಷ್ಟು ಪಾಲು ಎಂಬುದನ್ನು ಅದಕ್ಕೂ ಮೊದಲು ಬರೆದು ಎಲ್ಲರೂ ಸಹಿ ಹಾಕಿ.

ಮಾಸ್ಟರ್ ಫೈಲುಗಳು ಎರಡು ಹಾರ್ಡ್‌ಡಿಸ್ಕಿನಲ್ಲಿರಲಿ, ಒಂದು ಶಿವಮೊಗ್ಗದಲ್ಲಿ, ಒಂದು ಊರ ಮನೆಯಲ್ಲಿ. ಊರಿನದನ್ನು ಸಿಲಿಕಾ ಜೆಲ್ ಜೊತೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ.